ಕದ್ದು ಗಾಳಿ ತಿಂದ ಹರಳು

೧

ಯುರೇನಿಯಂ ಎಂಬ ಪದ ಇರುವ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಪದ ಕಣ್ಣಿಗೆ ಬಿದ್ದ ಕೂಡಲೇ ನಿಮ್ಮ ತಲೆಯಲ್ಲಿ ಅಣಬೆ ಆಕಾರದ ಮೋಡ ಎದ್ದಾಯಿತು. ಎಬ್ಬಿಸಿದ್ದು ನಾನಲ್ಲ, ನೀವು. ಸುಳ್ಳೇಕೆ ಹೇಳಲಿ, ನನ್ನ ಮೊದಲ ಕರಡಿನಲ್ಲೂ ಅದೇ ಮೋಡವಿತ್ತು. ಮೋಡದ ಕೆಳಗೆ ಒಂದು ಮಗುವಿನ ಚಪ್ಪಲಿ ಬಿದ್ದಿತ್ತು. (ಒಂಟಿ ಚಪ್ಪಲಿ ಬೀಳಿಸದೆ ಗಂಭೀರ ಸಾಹಿತ್ಯ ಬರೆದವರನ್ನು ನಾನು ಕಂಡಿಲ್ಲ.) ಓದಿ ನೋಡಿದೆ, ನನಗೇ ನಾಚಿಕೆಯಾಗಿ ಹರಿದು ಹಾಕಿದೆ.

ಎರಡನೆಯ ಕರಡಿನಲ್ಲಿ ಕತ್ತಲೆ ಕೋಣೆಯೊಳಗೆ ಹಸಿರಾಗಿ ಹೊಳೆಯುವ ಹರಳೊಂದು ‘ನಾನು, ನಾನು’ ಎಂದು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಿತ್ತು. ಅದನ್ನು ಹರಿಯುವ ಶ್ರಮ ನನಗೆ ಬೀಳಲಿಲ್ಲ. ಕಥೆಯ ನಾಯಕಿಯೇ ಬಂದು ಹರಿದರು.

"ಯಾವುದ್ರೀ ಅದು ಹಸಿರಾಗಿ ಹೊಳೆಯೋದು? ಅದು ಕಪ್ಪು. ಇದ್ದಿಲಿನ ಹಾಗೆ ಕಪ್ಪಗೆ ಸುಮ್ನೆ ಕೂತಿರುತ್ತೆ. ಹೊಳೆಯೋಕೆ ಅದೇನು ನಿಮ್ಮ ಹಾಗೆ ಪ್ರಶಸ್ತಿಗೆ ಕಾಯ್ತಾ ಇದೆಯಾ?"

ಇವರು ಥಂಡಿ ಮೇಡಂ. ಭೌತವಿಜ್ಞಾನಿ. ವಸ್ತುಗಳನ್ನು ವಿಪರೀತ ತಣ್ಣಗೆ ಮಾಡಿ ಅಳೆಯುವುದು ಇವರ ಕೆಲಸ, ಅದಕ್ಕೇ ಆ ಹೆಸರು. ಸ್ವಭಾವ ನೋಡಿ ಇಟ್ಟ ಹೆಸರಲ್ಲ ಎಂಬುದು ನಿಮಗೆ ಈಗಾಗಲೇ ತಿಳಿದಿರಬೇಕು.

೧ (ಮತ್ತೆ)

ಸರಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಒಂದು ಸಂಶೋಧನಾ ಸಂಸ್ಥೆ. ಎದುರುಬದುರು ಎರಡು ಕಟ್ಟಡ, ನಡುವೆ ತಗಡು ಹೊದಿಸಿದ ದಾರಿ, ದಾರಿಯ ಮಧ್ಯೆ ಕ್ಯಾಂಟೀನು. ಎರಡೂ ಕಡೆ ಕೆಲಸ ನಡೆಯುವುದು ಒಂದೇ ವಸ್ತುವಿನ ಮೇಲೆ. ಯುರೇನಿಯಂ ಆಕ್ಸಿಜನ್ ಜೊತೆ ಸೇರಿ ಆಗುವ ಕಪ್ಪು ಪದಾರ್ಥ, ಯುರೇನಿಯಂ ಡೈಆಕ್ಸೈಡ್. ಒಂದು ಕಟ್ಟಡದವರು ಅದನ್ನು ಗಾಳಿಯೂ ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿ, ಒಳಗಿನ ಎಲೆಕ್ಟ್ರಾನುಗಳು ಯಾಕೆ ಹೀಗೆ ಆಡುತ್ತವೆ ಎಂದು ಕೇಳುತ್ತಾರೆ. ಇನ್ನೊಂದು ಕಟ್ಟಡದವರು ಅದನ್ನೇ ಬೆರಳ ತುದಿಯಷ್ಟು ಗಾತ್ರದ ಗುಳಿಗೆ ಮಾಡಿ, ಲೋಹದ ಕೊಳವೆಗೆ ತುಂಬಿ ರಿಯಾಕ್ಟರಿಗೆ ಕಳಿಸುತ್ತಾರೆ. ಅಲ್ಲಿ ಅದು ಕೆಂಡದಂತೆ ಕಾದು ನೀರು ಕುದಿಸುತ್ತದೆ. (ಪರಮಾಣುವಿನ ಹೊಟ್ಟೆ ಸೀಳಿ ಕೊನೆಗೆ ಮಾಡುವುದು ನೀರು ಕಾಯಿಸುವ ಕೆಲಸ. ಇದಕ್ಕೆ ಪ್ರಗತಿ ಎಂದು ಹೆಸರು.)

ಮೊದಲನೆಯದು ಥಂಡಿ ಕಟ್ಟಡ, ಎರಡನೆಯದು ಬಿಸಿ ಕಟ್ಟಡ. ಥಂಡಿಯವರ ಪ್ರಕಾರ ಬಿಸಿಯವರು ಒಲೆ ಊದುವವರು. ಬಿಸಿಯವರ ಪ್ರಕಾರ ಥಂಡಿಯವರು ದಂಡಪಿಂಡಗಳು. ಕ್ಯಾಂಟೀನಿನಲ್ಲಿ ಮೇಜುಗಳೂ ಬೇರೆ ಬೇರೆ. ಬಿಸಿ ಕಟ್ಟಡದ ಮುಖ್ಯಸ್ಥರು ಥಂಡಿ ಮೇಡಂ ಅವರ ಸ್ವಂತ ಅಕ್ಕನ ಗಂಡ. ಹಾಗಾಗಿ ಸಂಸ್ಥೆಯವರೆಲ್ಲ ಅವರನ್ನು ಬೆನ್ನ ಹಿಂದೆ ‘ಭಾವ’ ಎನ್ನುತ್ತಾರೆ, ಎದುರಿಗೆ ‘ಸರ್’ ಎನ್ನುತ್ತಾರೆ.

ಹೊಸ ನಿರ್ದೇಶಕರು ಬಂದಾಗ ಅವರ ಜೊತೆ ಒಂದು ಪದವೂ ಬಂತು. ಸಂಬಂಧ. ಮೂಲವಿಜ್ಞಾನಕ್ಕೂ ಅಣುಶಕ್ತಿಯ ಬಳಕೆಗೂ ಸಂಬಂಧ ಬೆಳೆಸಬೇಕು, ಎಷ್ಟು ದಿನ ಹೀಗೆ ಸಂಬಂಧವಿಲ್ಲದೆ ಇರುವುದು ಎಂದು ಅವರು ಪ್ರತಿ ಸಭೆಯಲ್ಲೂ ಕೊರಗುತ್ತಿದ್ದರು. ವಯಸ್ಸಿಗೆ ಬಂದ ಮಗಳನ್ನು ಮನೆಯಲ್ಲಿ ಇಟ್ಟುಕೊಂಡವರ ದನಿ.

"ಮೇಡಂ, ನಿಮ್ಮ ಕಡೆ ಏನಾದ್ರೂ ಇದ್ರೆ ಹೇಳಿ. ಆ ಕಡೆಯವರ ಹತ್ರ ನಾನು ಮಾತಾಡ್ತೀನಿ."

"ಹುಡುಗ ಏನು ಕೆಲಸ ಮಾಡ್ತಾನೆ ಸರ್?"

ನಿರ್ದೇಶಕರಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಭಾವನವರಿಗೆ ಅರ್ಥವಾಯಿತು. "ನೀರು ಕಾಯಿಸ್ತಾನೆ ಕಣಮ್ಮ" ಎಂದು ಗಂಭೀರವಾಗಿಯೇ ಹೇಳಿದರು. ಇಬ್ಬರೂ ಆಮೇಲೆ ತಗಡಿನ ದಾರಿಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಕೂಡಿ ನಕ್ಕಿದ್ದನ್ನು ಇಲ್ಲೇ ನೋಡಿಕೊಳ್ಳಿ. ಮುಂದೆ ಈ ಸೌಲಭ್ಯ ಇಲ್ಲ.

೨

ಮೇಡಂ ಹತ್ತಿರ ಒಂದು ಹರಳಿತ್ತು. ಬಟಾಣಿ ಕಾಳಿಗಿಂತ ದೊಡ್ಡದೇನಲ್ಲ. ಬೆಳೆಸಿದವರು ಅವರ ಗುರುಗಳು. ಈಗ ಗುರುಗಳೂ ಇಲ್ಲ, ಅವರ ಕುಲುಮೆಯೂ ಇಲ್ಲ. ಕುಲುಮೆ ಇದ್ದ ಕೋಣೆಯಲ್ಲಿ ಸೋಫಾಗಳಿವೆ. ಎರಡೂ ಕಟ್ಟಡದವರು ಕೂತು ವಿಚಾರ ವಿನಿಮಯ ಮಾಡಲಿ ಎಂದು ನಿರ್ದೇಶಕರು ಹಾಕಿಸಿದ್ದು. ಒಬ್ಬರೂ ಕೂರುವುದಿಲ್ಲ. ಕೂತರೆ ಸೋಫಾ ಒಂದು ಥರ ಸದ್ದು ಮಾಡುತ್ತದೆ, ವಿಜ್ಞಾನಿಗಳಿಗೆ ಮರ್ಯಾದೆಯ ಪ್ರಶ್ನೆ.

ಅಂಥ ಹರಳು ಇನ್ನೊಂದು ಹುಟ್ಟುವಂತಿಲ್ಲ. (ಮಾತು ಗೋಳಿನ ಕಡೆ ಹೊರಳುತ್ತಿದೆ, ನನಗೂ ಗೊತ್ತು. ತೀರಿಹೋದ ಗುರು, ಕೊನೆಯ ಹರಳು. ಕಥೆಗಾರನಿಗೆ ಇಂಥವು ಸಿಕ್ಕರೆ ಹಸಿದವನ ಮುಂದೆ ಎಲೆ ಹಾಕಿದ ಹಾಗೆ. ಕೈ ಕಟ್ಟಿಕೊಂಡಿದ್ದೇನೆ.)

ಈ ಹರಳಿನಲ್ಲಿ ಪರಮಾಣುಗಳು ಘನ ಚೌಕದ ಹಾಗೆ ಜೋಡಣೆಯಾಗಿರುತ್ತವೆ. ಉದ್ದ, ಅಡ್ಡ, ಎತ್ತರ ಎಲ್ಲ ಒಂದೇ. ಆದ್ದರಿಂದ ಶಾಖ ಯಾವ ಕಡೆಗೆ ಹರಿದರೂ ಒಂದೇ ಸಮನೆ ಹರಿಯಬೇಕು. ಪುಸ್ತಕಗಳು ಹಾಗೆ ಹೇಳುತ್ತವೆ. ಮೇಡಂ ಮೊದಲು ಹರಳಿನ ಉದ್ದಕ್ಕೆ ಅಳೆದರು. ಶಾಖ ಸರಾಗವಾಗಿ ಹರಿಯಿತು. ಆಮೇಲೆ ಅಡ್ಡಕ್ಕೆ ಅಳೆದರು. ಕುಂಟುತ್ತ ಹರಿಯಿತು. ಹರಳನ್ನು ಎಷ್ಟು ತಣ್ಣಗೆ ಮಾಡಿದರೂ, ಕೋಣೆಯಷ್ಟು ಬೆಚ್ಚಗೆ ಮಾಡಿದರೂ ಅಡ್ಡಕ್ಕೆ ಕುಂಟುವುದು ಹೋಗಲಿಲ್ಲ. ಹರಳಿನೊಳಗೆ ಪುಸ್ತಕಕ್ಕೆ ಗೊತ್ತಿಲ್ಲದ ಏನೋ ಇದೆ! ಆ ಸಂಜೆ ಮೇಡಂ ಮನೆಗೆ ಹೋಗಿ ಗಂಡನಿಗೂ ಹೇಳಲಿಲ್ಲ. ಹೇಳಿದರೆ ಸವೆದುಹೋಗುತ್ತದೆ ಎನ್ನುವಂಥ ಸಂತೋಷ. ಇದನ್ನು ಅಣಕಿಸಲು ನನಗೂ ಮನಸ್ಸು ಬರುತ್ತಿಲ್ಲ.

ಭಾವನವರಿಗೆ ಸುದ್ದಿ ಮುಟ್ಟಿತು. ಅವರ ಗುಳಿಗೆಯೊಳಗೆ ಇರುವುದೂ ಇಂಥದೇ ಪುಟ್ಟ ಪುಟ್ಟ ಹರಳುಗಳು, ಸಂತೆಗೆ ಸೇರಿದ ಜನರ ಹಾಗೆ ಒಂದೊಂದೂ ಒಂದೊಂದು ಕಡೆ ಮುಖ ಮಾಡಿಕೊಂಡಿರುತ್ತವೆ. ಅವನ್ನೆಲ್ಲ ಸಾಲಾಗಿ ನಿಲ್ಲಿಸಿ, ಶಾಖ ಸರಾಗವಾಗಿ ಹರಿಯುವ ಮೈಯನ್ನು ಹೊರಗಡೆಗೆ ತಿರುಗಿಸಿದರೆ? ಗುಳಿಗೆಯ ಹೊಟ್ಟೆಯೊಳಗಿನ ಉರಿ ಬೇಗ ಹೊರಬರುತ್ತದೆ. ಅಂದರೆ ರಿಯಾಕ್ಟರನ್ನು ಇನ್ನಷ್ಟು ಜೋರಾಗಿ ಓಡಿಸಬಹುದು. ಮೇಡಂ ಅಳೆದದ್ದು ತಣ್ಣಗಿರುವಾಗ, ರಿಯಾಕ್ಟರು ಓಡುವುದು ಕೆಂಡವಾಗಿರುವಾಗ. ನಡುವಿನ ಅಷ್ಟು ದೂರಕ್ಕೆ ಭಾವನವರ ಕಡೆಯವರು ಕಂಪ್ಯೂಟರಿನಲ್ಲಿ ಒಂದು ನೇರ ಗೆರೆ ಎಳೆದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ.

"ಭಾವ, ಗೆರೆ ಅಲ್ಲೀತನಕ ಹೋಗುತ್ತೆ ಅಂತ ಯಾರು ಹೇಳಿದ್ದು?"

"ಹೋಗಲ್ಲ ಅಂತ ಯಾರು ಹೇಳಿದ್ದು?"

ಸಭೆಯಲ್ಲಿ ಇದು ಅಭಿಪ್ರಾಯಭೇದ ಎಂದು ತೀರ್ಮಾನವಾಯಿತು. ನಿರ್ದೇಶಕರು ಹಾವೂ ಸಾಯದಂತೆ ಕೋಲೂ ಮುರಿಯದಂತೆ, ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಚ್ಚರಿಕೆಯಿಂದ ಬಳಸತಕ್ಕದ್ದು’ ಎಂದು ಸೇರಿಸಿದರು. ಕೆಮ್ಮಿನ ಔಷಧಿ ಶೀಶೆಯ ಮೇಲೂ ಹಾಗೇ ಬರೆದಿರುತ್ತದೆ. ವರದಿ ಸುರಕ್ಷತಾ ಸಮಿತಿಗೆ ಹೊರಟಿತು. ಸಮಿತಿ ಒಪ್ಪಿದರೆ ಓಡುತ್ತಿರುವ ಒಂದು ನಿಜವಾದ ರಿಯಾಕ್ಟರಿಗೆ ಈ ಗುಳಿಗೆಗಳು ಹೋಗುತ್ತವೆ.

೩

ಈ ಭಾಗವನ್ನು ತೆಗೆದಿದ್ದೇನೆ. ಇದರಲ್ಲಿ ಮೇಡಂ ಕಿಟಕಿಯ ಪಕ್ಕ ನಿಂತು ಯೋಚನೆಯಲ್ಲಿ ಮುಳುಗಿದ್ದರು. ನಮ್ಮ ಕಥೆಗಳಲ್ಲಿ ಹೆಂಗಸರಿಗೆ ಯೋಚನೆ ಬರಬೇಕಾದರೆ ಕಿಟಕಿ ಬೇಕೇ ಬೇಕು. ಅವರ ಲ್ಯಾಬಿಗೆ ಕಿಟಕಿಯೇ ಇಲ್ಲವಂತೆ.

೪

ದೊಡ್ಡ ಮನುಷ್ಯರೊಬ್ಬರು ಸಂಸ್ಥೆ ನೋಡಲು ಬಂದಿದ್ದರು. ಇಂಥವರು ಬಂದಾಗಲೆಲ್ಲ ಗ್ಲೋವ್ ಬಾಕ್ಸ್ ತೋರಿಸುವುದು ಪದ್ಧತಿ. ಅದೊಂದು ಗಾಜಿನ ಪೆಟ್ಟಿಗೆ. ಒಳಗೆ ಗಾಳಿ ಇರುವುದಿಲ್ಲ, ಆರ್ಗಾನ್ ಎಂಬ ಯಾರ ತಂಟೆಗೂ ಹೋಗದ ಅನಿಲ ತುಂಬಿರುತ್ತದೆ. ಪೆಟ್ಟಿಗೆಗೇ ಜೋಡಿಸಿದ ಉದ್ದನೆಯ ರಬ್ಬರ್ ಗವಸುಗಳಲ್ಲಿ ಕೈ ತೂರಿಸಿ ಒಳಗಿನ ಕೆಲಸ ಮಾಡಬೇಕು. ದೊಡ್ಡ ಮನುಷ್ಯರು ಕೈ ತೂರಿಸಿದರು, ಕ್ಯಾಮೆರಾ ಕಡೆ ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ ಮೇಡಂ ನಡುವೆಯೇ ನಿಲ್ಲಿಸಿದರು.

ಹರಳನ್ನು ಅಳೆಯಬೇಕಾದರೆ ಅದಕ್ಕೆ ಕೂದಲಿನಷ್ಟು ತೆಳ್ಳನೆಯ ತಂತಿಗಳನ್ನು ಬೆಳ್ಳಿ ಬೆರೆಸಿದ ಅಂಟಿನಿಂದ ಅಂಟಿಸಬೇಕು. ಅಂಟು ಗಟ್ಟಿಯಾಗಲು ಕಾಯಿಸಬೇಕು. ಉದ್ದಕ್ಕೆ ಅಳೆದಾಗ ಈ ಕೆಲಸವೆಲ್ಲ ಪೆಟ್ಟಿಗೆಯೊಳಗೇ ನಡೆದಿತ್ತು. ಅಡ್ಡಕ್ಕೆ ಅಳೆಯುವ ಹೊತ್ತಿಗೆ ಹೀಗೇ ಯಾರೋ ಬರುವವರಿದ್ದರು. ಗಾಜು ಫಳಫಳ ಒರೆಸಿ ‘ಮುಟ್ಟಬಾರದು’ ಎಂದು ಚೀಟಿ ಅಂಟಿಸಿದ್ದರು. ಮೇಡಂಗೆ ಕಾಯುವ ತಾಳ್ಮೆ ಇರಲಿಲ್ಲ. ಸ್ವಲ್ಪ ಹೊತ್ತು ತಾನೇ ಎಂದು ಪೆಟ್ಟಿಗೆಯ ಹೊರಗೇ ಬಿಸಿ ತಟ್ಟೆಯ ಮೇಲೆ ಹರಳನ್ನಿಟ್ಟು ಟೀ ಕುಡಿಯಲು ಹೋದರು. ಟೀ ಜೊತೆ ಹರಟೆಯೂ ಇತ್ತು. ವಿಷಯ, ನಿರ್ದೇಶಕರ ಸೋಫಾ.

ಯುರೇನಿಯಂ ಡೈಆಕ್ಸೈಡಿಗೆ ಒಂದು ಕೆಟ್ಟ ಚಾಳಿ ಇದೆ. ಬಿಸಿಯಾಗಿದ್ದಾಗ ಗಾಳಿ ಸಿಕ್ಕಿದರೆ ಆಕ್ಸಿಜನ್ ಕದ್ದು ತಿನ್ನುತ್ತದೆ. ಹೊರಗಿನಿಂದ ನೋಡಿದರೆ ಹಾಲು ಕುಡಿದ ಬೆಕ್ಕಿನ ಹಾಗೆ ಮುಗ್ಧ ಮುಖ. ಒಳಗೆ ಹೊಕ್ಕ ಹೆಚ್ಚುವರಿ ಆಕ್ಸಿಜನ್ ಮಾತ್ರ ದಾರಿಗೆ ಅಡ್ಡ ಕೂತು ಶಾಖವನ್ನು ಹರಿಯಗೊಡುವುದಿಲ್ಲ. ಹಾಗಾದರೆ ಮೇಡಂ ಕಂಡುಹಿಡಿದದ್ದು ಉದ್ದಕ್ಕೂ ಅಡ್ಡಕ್ಕೂ ಇರುವ ವ್ಯತ್ಯಾಸವೋ, ತಿನ್ನುವ ಮುಂಚೆ ಮತ್ತು ತಿಂದ ಮೇಲಿನ ವ್ಯತ್ಯಾಸವೋ? ಎರಡನೆಯದಾದರೆ ಭಾವನವರ ಗುಳಿಗೆಯಲ್ಲಿ ಸರಾಗವಾದ ಮೈ ಎಂಬುದೇ ಇಲ್ಲ. ಉರಿ ಹೊರಬರುತ್ತದೆಂದು ನಂಬಿ ರಿಯಾಕ್ಟರು ಜೋರು ಮಾಡುತ್ತಾರೆ, ಉರಿ ಒಳಗೇ ಕೂತಿರುತ್ತದೆ.

(ಬುದ್ಧಿವಂತ ಓದುಗರೊಬ್ಬರು ಕೈ ಎತ್ತಿದ್ದೀರಿ. ಮತ್ತೆ ಉದ್ದಕ್ಕೆ ಅಳೆದು ನೋಡಬಹುದಲ್ಲ ಎನ್ನುತ್ತೀರಿ. ಅಡ್ಡಕ್ಕೆ ಅಳೆಯಲೆಂದು ಹರಳನ್ನು ತೆಳ್ಳಗೆ ಕೊಯ್ದಾಗಿತ್ತು, ಈಗ ಅದಕ್ಕೆ ಉದ್ದವೇ ಇಲ್ಲ. ಕೈ ಇಳಿಸಿ.)

ತಿಳಿಯಲು ಇರುವುದು ಒಂದೇ ದಾರಿ. ಹರಳನ್ನು ಪುಡಿ ಮಾಡಬೇಕು. ಪುಡಿಯನ್ನು ತೂಗಿ, ಗಾಳಿಯಲ್ಲಿ ಚೆನ್ನಾಗಿ ಸುಟ್ಟು, ಹೊಟ್ಟೆ ಬಿರಿಯುವಷ್ಟು ಆಕ್ಸಿಜನ್ ತಿನ್ನಿಸಿ ಮತ್ತೆ ತೂಗಬೇಕು. ಮೊದಲೇ ಅಡುಗೆಮನೆಗೆ ನುಗ್ಗಿ ಕದ್ದು ತಿಂದ ಮಗು ಊಟಕ್ಕೆ ಕೂತಾಗ ಕಡಿಮೆ ತಿನ್ನುತ್ತದಲ್ಲ, ಹಾಗೆ. ತೂಕ ಪೂರ್ತಿ ಏರಿದರೆ ಹರಳು ನಿರಪರಾಧಿ. ಕಡಿಮೆ ಏರಿದರೆ ಕಳ್ಳ. ಎರಡರಲ್ಲಿ ಯಾವುದಾದರೂ ಹರಳಂತೂ ಉಳಿಯುವುದಿಲ್ಲ.

೫

ಭಾನುವಾರ ಅಕ್ಕನ ಮನೆಯಲ್ಲಿ ಊಟ. ಆಫೀಸಿನ ಮಾತು ಊಟದ ಮೇಜಿಗೆ ಬರಬಾರದು ಎಂಬುದು ಅಕ್ಕ ಮಾಡಿದ ಕಾನೂನು. ಅದನ್ನು ಮುರಿದವರು ಭಾವ.

"ಏನಂತೆ ನಿನ್ನ ಹರಳು?"

"ಗಾಳಿ ತಿಂದಿರಬಹುದು ಭಾವ."

ಭಾವನವರ ಕೈ ತಟ್ಟೆಯಲ್ಲೇ ನಿಂತಿತು. ಇಡೀ ಜೀವಮಾನ ಆ ಕಪ್ಪು ಪುಡಿಯ ಜೊತೆ ಬಾಳಿದವರು, ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇಡಂ ಆದರೂ ಬಿಸಿ ತಟ್ಟೆಯ ಕಥೆ ಹೇಳಿದರು.

"ಟೀ ಕುಡಿಯೋಕೆ ಹೋಗಿದ್ಯಾ?" ಭಾವ ಕೇಳಿದರು. "ಟೀಗೆ?"

"ಹೂಂ."

"ಈಗ ಪುಡಿ ಮಾಡ್ತೀಯಾ?"

"ಮಾಡ್ಬೇಕು."

"ಮಾಡಿ, ಹರಳು ಸರಿಯಾಗೇ ಇತ್ತು ಅಂತ ಗೊತ್ತಾದ್ರೆ? ನಾಳೆ ಯಾರಾದ್ರೂ ಬಂದು ತೋರಿಸಿ ಅಂದ್ರೆ ತೋರಿಸೋಕೆ ನಿನ್ನ ಹತ್ರ ಏನೂ ಇರಲ್ಲ. ಸುಳ್ಳು ಹೇಳಿದ್ಲು ಅಂತಾರೆ."

"ಅನ್ಲಿ."

"ಕೆಟ್ಟಿತ್ತು ಅಂತ ಗೊತ್ತಾದ್ರೆ ತಪ್ಪು ಮಾಡಿದ್ಲು ಅಂತಾರೆ. ಎರಡರಲ್ಲೂ ಏಟು ನಿನಗೇ. ಸುಮ್ನಿದ್ರೆ ಯಾರಿಗೂ ಏನೂ ಇಲ್ಲ. ಇಷ್ಟು ಲೆಕ್ಕ ಬರಲ್ವಾ ನಿನಗೆ?"

"ಯಾರಿಗೂ ಏನೂ ಇಲ್ವಾ ಭಾವ? ಗುಳಿಗೆ ತುಂಬಿದ ಕೊಳವೆಗೆ?"

ಉತ್ತರ ಕೊಟ್ಟವಳು ಅಕ್ಕ. "ಅವರು ನಿನ್ನ ಒಳ್ಳೇದಕ್ಕೇ ಹೇಳ್ತಾ ಇರೋದು ಕಣೇ."

"ನನ್ನ ಒಳ್ಳೇದಕ್ಕಾ, ಅವರ ಒಳ್ಳೇದಕ್ಕಾ?"

"ಒಂದೇ ಮನೆಯವರಲ್ವೇನೇ ನಾವು? ಅವರದು ಬೇರೆ, ನಿನ್ನದು ಬೇರೆ ಅಂತ ಗೆರೆ ಎಳೀತೀಯಾ?"

"ಗೆರೆ ಎಳೆಯೋದು ಭಾವನ ಕೆಲಸ ಅಕ್ಕ."

ಅಕ್ಕ ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿತು. ಭಾವ ಕೈ ತೊಳೆದು ಬಂದು, 'ಸಮಿತಿ ಬುಧವಾರ ಸೇರುತ್ತೆ' ಎಂದಷ್ಟೇ ಹೇಳಿದರು.

(ಭಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಹಿಂದೊಮ್ಮೆ ಗುಳಿಗೆಗಳಲ್ಲಿ ಸಣ್ಣ ಸೀಳು ಕಂಡದ್ದಕ್ಕೆ ಇಡೀ ಕೊಠಡಿಯ ಮಾಲನ್ನೇ ತಡೆದು ಮೇಲಿನವರಿಂದ ಬೈಸಿಕೊಂಡ ಮನುಷ್ಯ. ನಿವೃತ್ತಿಗೆ ಮುಂಚೆ ತಮ್ಮ ಹೆಸರಿನಲ್ಲಿ ಒಂದು ಗುಳಿಗೆ ಉಳಿಯಲಿ ಎಂಬ ಆಸೆ. ಅಷ್ಟು ಆಸೆ ನಿಮಗಿಲ್ಲವೇ? ನನಗಿದೆ. ಅದಕ್ಕೇ ಬರೆಯುತ್ತಿದ್ದೇನೆ.)

೬

ಈಗ ಮುಕ್ತಾಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ಮುಕ್ತಾಯ ಅ: ಮೇಡಂ ಸುಮ್ಮನಿರುತ್ತಾರೆ. ರಿಯಾಕ್ಟರು ಸಿಡಿಯುತ್ತದೆ. ಮೋಡ, ಚಪ್ಪಲಿ.

"ಮತ್ತೆ ಚಪ್ಪಲಿ ತಂದ್ರಾ?" ಮೇಡಂ ನನ್ನ ಮೇಜಿನ ಮೇಲೆ ಕೈಯೂರಿ ನಿಂತರು. "ಹಾಗೆಲ್ಲ ಸಿಡಿಯಲ್ಲ ಕಣ್ರೀ. ಗುಳಿಗೆ ಬಿರಿಯುತ್ತೆ. ಕೊಳವೆ ಉಬ್ಬುತ್ತೆ. ಎಲ್ಲೋ ಒಂದು ಕಡೆ ಸೋರುತ್ತೆ. ಪೇಪರಲ್ಲಿ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತೆ. ಸೋರಿದ್ದನ್ನ ಮುಚ್ಚೋಕೆ ಯಾರೋ ಒಬ್ಬ ವೆಲ್ಡರ್ ಒಳಗೆ ಹೋಗ್ತಾನೆ, ಅವನ ಮೈಗೆ ಎಷ್ಟು ವಿಕಿರಣ ಬಿತ್ತು ಅಂತ ಒಂದು ಪಟ್ಟಿ ಬಿಟ್ರೆ ಯಾರಿಗೂ ಗೊತ್ತಾಗಲ್ಲ. ಅವನಿಗೊಂದು ಕಥೆ ಬರೀರಿ ನೋಡೋಣ. ಬರೆಯಲ್ಲ ನೀವು. ಅದ್ರಲ್ಲಿ ಸದ್ದಿಲ್ಲ."

ನಾನು ತಲೆ ತಗ್ಗಿಸಿಕೊಂಡೆ. ವೆಲ್ಡರ್ ನನ್ನ ಯಾವ ಕರಡಿನಲ್ಲೂ ಇರಲಿಲ್ಲ.

ಮುಕ್ತಾಯ ಆ: ಮೇಡಂ ರಾಜೀನಾಮೆ ಬಿಸಾಕಿ, ಸಮುದ್ರದ ಎದುರು ನಿಂತು ಹರಳನ್ನು ನೀರಿಗೆ ಎಸೆಯುತ್ತಾರೆ.

"ಯುರೇನಿಯಂನ ಸಮುದ್ರಕ್ಕೆ ಎಸೀತೀನಾ? ನನ್ನ ಜೈಲಿಗೆ ಹಾಕ್ತಾರೆ. ನಿಮಗೇನು, ನಿಮಗೆ ಕೊನೇ ಸಾಲು ಸಿಗುತ್ತೆ."

ಮುಕ್ತಾಯ ಇ ನನ್ನದಲ್ಲ, ಪತ್ರಿಕೆಯ ಸಂಪಾದಕರದು. ಫೋನ್ ಮಾಡಿದ್ದರು. ಕಥೆ ಎಲ್ಲಿಗೆ ಬಂತು ಎಂದು ಕೇಳಿದರು, ಹೇಳಿದೆ. ಆಮೇಲೆ, "ಚೆನ್ನಾಗಿದೆ. ಆದರೆ ಸಂದೇಶ ಏನು ಸಾರ್? ಓದುಗರ ಬದುಕಿಗೂ ಇದಕ್ಕೂ ಒಂದು ಸಂಬಂಧ ಅಂತ ಬೇಕಲ್ಲ?" ಎಂದರು. ನಾನು ಫೋನನ್ನು ಕಿವಿಯಿಂದ ದೂರ ಹಿಡಿದು ಮೇಡಂ ಕಡೆ ನೋಡಿದೆ. ಅವರು ಮೊದಲ ಬಾರಿಗೆ ನನ್ನನ್ನು ನೋಡಿ ನಕ್ಕರು, ಒಂದೇ ರೋಗದ ಇಬ್ಬರು ಆಸ್ಪತ್ರೆಯ ಬೆಂಚಿನಲ್ಲಿ ನಗುವ ಹಾಗೆ.

ಆ ನಗುವಿನ ಸಲುಗೆಯಿಂದ ಬೇಡಿಕೊಂಡೆ. "ಮೇಡಂ, ಹರಳನ್ನ ಪುಡಿ ಮಾಡ್ಬೇಡಿ. ಅದು ಅನುಮಾನವಾಗೇ ಉಳೀಲಿ. ಅನುಮಾನ ಸಾಹಿತ್ಯದಲ್ಲಿ ತುಂಬ ದೊಡ್ಡ ವಿಷಯ."

"ಸಾಹಿತ್ಯದಲ್ಲಿ ಇರ್ಬಹುದು" ಎಂದರು. "ಗುಳಿಗೆಗೆ ಓದೋಕೆ ಬರಲ್ಲ."

೭

ಮಂಗಳವಾರ ಬೆಳಿಗ್ಗೆ ಮೇಡಂ ಗವಸುಗಳಲ್ಲಿ ಕೈ ತೂರಿಸಿದರು. ಈ ಸಲ ಪೆಟ್ಟಿಗೆ ಯಾರಿಗೂ ಮೀಸಲಾಗಿರಲಿಲ್ಲ. ಒಳಗೆ ಔಷಧಿ ಅರೆಯುವಂಥ ಪುಟ್ಟ ಕಲ್ಲಿನ ಖಲ್, ಅದರಲ್ಲಿ ಹರಳಿನ ತೆಳು ಬಿಲ್ಲೆ. ಗುರುಗಳು ಇದನ್ನು ಬೆಳೆಸುವಾಗ ಕುಲುಮೆಯನ್ನು ಎಮ್ಮೆಗೆ ಬೈದ ಹಾಗೆ ಬೈಯುತ್ತಿದ್ದರು, ಯಾರೂ ಇಲ್ಲದಾಗ ಅದರ ಮೈ ಸವರುತ್ತಿದ್ದರು. ಮೇಡಂ ಅದನ್ನು ಬಾಗಿಲ ಸಂದಿಯಿಂದ ನೋಡಿದ್ದರು. ನೋಡಿದ್ದನ್ನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

ನಿರ್ದೇಶಕರು ಬಾಗಿಲಲ್ಲಿ ಇಣುಕಿದರು. ಅಕ್ಕ ಹೇಳಿದಳೋ ಭಾವ ಹೇಳಿದರೋ, ಅವರಿಗೆ ಗೊತ್ತಾಗಿತ್ತು.

"ಮೇಡಂ, ಒಂದ್ವಾರ ತಡೀಬಹುದಲ್ಲ? ಸಮಿತಿ ಮುಗೀಲಿ. ಆಮೇಲೆ ಎಷ್ಟು ಬೇಕಾದ್ರೂ ಪುಡಿ ಮಾಡಿ, ಯಾರು ಬೇಡ ಅಂತಾರೆ? ಇಷ್ಟು ಕಷ್ಟಪಟ್ಟು ಒಂದು ಸಂಬಂಧ ಕುದುರಿದೆ."

"ಸರ್, ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಲ್ಲ, ಅದು ಸಂಬಂಧ ಅಲ್ಲ. ಎತ್ತಿನ ಹತ್ರ ಹೋಗಿ ಒಂದ್ಸಲ ನೋಡ್ತೀನಿ ಅಂತಿದೀನಿ, ಅಷ್ಟೇ."

ನಿರ್ದೇಶಕರು ಎತ್ತು ಯಾವ ವಿಭಾಗದ್ದು ಎಂದು ಕೇಳುವವರ ಹಾಗೆ ನಿಂತಿದ್ದು, ಹೊರಟುಹೋದರು.

ಮೇಡಂ ಖಲ್ಲಿನ ಗುಂಡನ್ನು ಹರಳಿನ ಮೇಲೆ ಇಟ್ಟು ಒತ್ತಿದರು. ಕಷ್ಟಪಡಬೇಕಾಗುತ್ತದೆ ಎಂದುಕೊಂಡಿದ್ದರು. ಒಡೆಯಲು ಏನೂ ಕಷ್ಟವಾಗಲಿಲ್ಲ, ಅದಕ್ಕೇ ಅಳು ಬಂತು. ಅಳುತ್ತಲೇ ಅರೆದರು. ಗವಸಿನಲ್ಲಿ ಕೈ ಸಿಕ್ಕಿಕೊಂಡಿದ್ದರಿಂದ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ, ಮೂಗು ಕೂಡ.

೮

(ಇಲ್ಲಿ ಅನುಕಂಪದ ಒಂದು ಪುಟವಿತ್ತು. ಮೇಡಂ ಓದಿ, "ಮೂಗಿನ ವಿಷಯ ಇಟ್ಕೊಳ್ಳಿ, ಮಿಕ್ಕಿದ್ದು ತೆಗೀರಿ" ಎಂದರು.)

೯

ಬುಧವಾರ. ಪುಡಿ ಕುಲುಮೆಯಲ್ಲಿ ಹೊಟ್ಟೆ ತುಂಬ ತಿಂದು, ಸುಟ್ಟು, ತಣ್ಣಗಾಗಿ ತಕ್ಕಡಿಯ ಗಾಜಿನ ಗೂಡಿನಲ್ಲಿ ಕೂತಿದೆ. ತಕ್ಕಡಿಯ ಸಂಖ್ಯೆ ಇನ್ನೂ ಅತ್ತಿತ್ತ ಆಡುತ್ತಿದೆ, ನಿಲ್ಲಬೇಕು. ಎಷ್ಟು ಏರಿದರೆ ನಿರಪರಾಧಿ ಎಂಬುದನ್ನು ಮೇಡಂ ಮೊದಲೇ ಬಿಳಿ ಹಲಗೆಯ ಮೇಲೆ ಬರೆದಿದ್ದಾರೆ, ಆಮೇಲೆ ಮನಸ್ಸು ಜಾರಬಾರದೆಂದು. ಸಮಿತಿಯವರು ಎದುರು ಕಟ್ಟಡದಲ್ಲಿ ಬಿಸ್ಕತ್ತು ತಿನ್ನುತ್ತಿದ್ದಾರೆ.

ಭಾವ ಬಂದರು. ತಗಡಿನ ದಾರಿಯಲ್ಲಿ ಬೇಗ ಬೇಗ ನಡೆದು ಬಂದಿರಬೇಕು, ಏದುಸಿರು ಬಿಡುತ್ತಿದ್ದರು. ಥಂಡಿ ಕಟ್ಟಡದೊಳಕ್ಕೆ ಅವರು ಕಾಲಿಟ್ಟಿದ್ದನ್ನು ಮೇಡಂ ನೋಡಿದ್ದೇ ಇಲ್ಲ. ಕುರ್ಚಿ ಕೊಟ್ಟರು. ಭಾವ ಕೂರಲಿಲ್ಲ.

"ನೋಡಿದ್ಯಾ?"

"ಇಲ್ಲ. ಇನ್ನೂ ನಿಂತಿಲ್ಲ."

"ನಿನ್ನ ಅಕ್ಕ ಮೂರು ದಿನದಿಂದ ನನ್ನ ಜೊತೆ ಮಾತಾಡ್ತಾ ಇಲ್ಲ."

"ನಿಮ್ಮ ಜೊತೆನಾ? ನಾನು ನನ್ನ ಜೊತೆ ಮಾತ್ರ ಅಂದ್ಕೊಂಡಿದ್ದೆ."

"ಕೊಳವೆಗೆ ಏನಾಗುತ್ತೆ ಅಂತ ಕೇಳಿದ್ಯಲ್ಲ ಅವತ್ತು. ನೀನು ಹೋದ್ಮೇಲೆ ಅವಳೂ ಅದನ್ನೇ ಕೇಳಿದ್ಲು. ಹೇಳಿದೆ. ಆಮೇಲಿಂದ ಮಾತಿಲ್ಲ." ಭಾವ ತಕ್ಕಡಿಯ ಕಡೆ ನೋಡದೆ ಹಲಗೆಯ ಕಡೆ ನೋಡಿದರು. "ಕಡಿಮೆ ಬಂದ್ರೆ ಸಮಿತಿ ಮುಂದೆ ನಾನೇ ಹೇಳ್ಲಾ?"

"ಜಾಸ್ತಿ ಬಂದ್ರೆ?"

"ಜಾಸ್ತಿ ಬಂದ್ರೆ..." ಹರಳು ಸರಿಯಾಗಿತ್ತು ಎಂದಾದರೆ ಅವರ ಗುಳಿಗೆ ಉಳಿಯುತ್ತದೆ, ಎದುರಿಗೆ ನಿಂತ ನಾದಿನಿಯ ಕೈಯಲ್ಲಿ ಮಾತ್ರ ಬೂದಿಯಂಥ ಪುಡಿ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗೆ ಬರಲಿಲ್ಲ. "ಜಾಸ್ತಿ ಬಂದ್ರೆ ನನಗೆ ಖುಷಿಯಾಗುತ್ತೆ ಕಣಮ್ಮ. ಅದಕ್ಕೇ ಭಯ ಆಗ್ತಿದೆ. ನಾನು ಓದಿದ್ರೆ ನಂಬಬೇಡ."

"ನೀವೇ ಓದಿ" ಎಂದರು ಮೇಡಂ. "ನನಗೂ ಜಾಸ್ತೀನೇ ಬರ್ಲಿ ಅನ್ನಿಸ್ತಾ ಇದೆ. ನಮ್ಮಿಬ್ಬರಲ್ಲಿ ಯಾರು ಓದಿದ್ರೂ ಅಷ್ಟೇ."

ಸಂಖ್ಯೆ ನಿಂತಿತು. ಇಬ್ಬರೂ ಬಗ್ಗಿದರು. ಭಾವ ಗಟ್ಟಿಯಾಗಿ ಓದಿದರು, ಮೇಡಂ ಮತ್ತೊಮ್ಮೆ ಓದಿದರು. ಎರಡೂ ಒಂದೇ ಆಗಿತ್ತು.

ನನಗೂ ಕೇಳಿಸಿತು. ಪೆನ್ನು ಎತ್ತಿದೆ. ಮೇಡಂ ತಿರುಗಿ ನೋಡಿದರು.

"ನೀವು ಬರೀಬೇಡಿ."

"ಯಾಕೆ ಮೇಡಂ? ಓದುಗರು ಇಷ್ಟು ದೂರ ಬಂದಿದಾರೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಗುತ್ತೆ."

"ಅವರನ್ನೇ ಕೇಳಿ, ಎಷ್ಟು ಬರ್ಲಿ ಅಂತ ಕಾಯ್ತಿದಾರೆ ಅಂತ."

ಅಷ್ಟು ಹೇಳಿ ಅವರು ಭಾವನ ಜೊತೆ ಸಮಿತಿಯ ಕೋಣೆಗೆ ಹೊರಟರು. ನಾನು ಹಿಂದೆ ಹೋಗಲಿಲ್ಲ, ಅಲ್ಲಿ ನನಗೆ ಕುರ್ಚಿ ಇಲ್ಲ. ಆದ್ದರಿಂದ ಕೇಳುತ್ತಿದ್ದೇನೆ. ಜಾಸ್ತಿ ಬರಲಿ, ಆ ಹೆಂಗಸಿನ ಶ್ರಮ ಸುಳ್ಳಾಗದಿರಲಿ ಎಂದು ನಿಮ್ಮಲ್ಲಿ ಕೆಲವರು ಹಾರೈಸುತ್ತಿದ್ದೀರಿ. ಕಡಿಮೆ ಬರಲಿ, ಆ ಗೆರೆ ಎಳೆದವರ ಮುಖಕ್ಕೆ ಮಸಿ ಬೀಳಲಿ ಎಂದು ಕೆಲವರು. ನಿಮಗೆ ಬೇಕಾದ ಸಂಖ್ಯೆ ಆಗಲೇ ನಿಮ್ಮ ಬಾಯಲ್ಲಿ ಸಿದ್ಧವಾಗಿ ಕೂತಿದೆ. ನೀವು ತಕ್ಕಡಿ ನೋಡಿಲ್ಲ, ಪುಡಿ ಮುಟ್ಟಿಲ್ಲ. ಇನ್ನೊಂದು ಸಂಖ್ಯೆ ಬಂದಿದ್ದರೆ ನನ್ನನ್ನೇ ಬೈಯುತ್ತಿದ್ದಿರಿ. ರಿಯಾಕ್ಟರಿನೊಳಕ್ಕೆ ಗುಳಿಗೆ ಹೋಗುವುದು ಹೀಗೆಯೇ.